ಅಡ್ಮಿನ್ ಪಾಸ್‌ವರ್ಡ್ ಹಂಚಬೇಡಿ, ಬೇಕಾದಷ್ಟೇ ಅನುಮತಿ ಕೊಡಿ

ಪ್ರಶ್ನೆ: ಕಾಲೇಜಿನ ಲ್ಯಾಬ್‌ನಲ್ಲಿ ಎಲ್ಲರಿಗೂ ಒಂದೇ ಉಬುಂಟು ಸರ್ವರ್. ಅಪಾಚೆ ನಿಂತಾಗಲೆಲ್ಲ ಇಬ್ಬರು ಉಪನ್ಯಾಸಕರು ನನಗೆ ಫೋನ್ ಮಾಡುತ್ತಾರೆ. ಈಗ ಅಡ್ಮಿನ್ ಪಾಸ್‌ವರ್ಡನ್ನೇ ಕೇಳುತ್ತಿದ್ದಾರೆ. ಕೊಡಬಹುದೇ?
– ಲ್ಯಾಬ್ ಸಹಾಯಕ, ಹಾಸನ

ಉತ್ತರ: ಕೊಡಬೇಡಿ. ಒಂದೇ ಪಾಸ್‌ವರ್ಡ್ ಮೂವರ ಕೈಯಲ್ಲಿದ್ದರೆ ಯಾರು ಏನು ಮಾಡಿದರೆಂದು ತಿಳಿಯುವುದಿಲ್ಲ. ಅವರನ್ನು ‘ಸುಡೊ’ ಗುಂಪಿಗೂ ಸೇರಿಸಬೇಡಿ. ಸೇರಿಸಿದರೆ ಪೂರ್ತಿ ಅಧಿಕಾರ ಕೊಟ್ಟಂತೆ.

ಇಬ್ಬರಿಗೂ ಬೇರೆ ಬೇರೆ ಖಾತೆ ತೆರೆದು, ಹೊಸದೊಂದು ಗುಂಪಿಗೆ ಸೇರಿಸಿ. ‘ವಿಸುಡೊ’ ಬಳಸಿ ಸುಡೋಯರ್ಸ್‌.ಡಿ ಫೋಲ್ಡರಿನಲ್ಲಿ ಒಂದು ಫೈಲ್ ಮಾಡಿ; ಹೆಸರಿನಲ್ಲಿ ಚುಕ್ಕಿ ಇದ್ದರೆ ಸುಡೊ ಅದನ್ನು ಓದುವುದಿಲ್ಲ. ಆ ಗುಂಪಿಗೆ ಅಪಾಚೆ ರೀಸ್ಟಾರ್ಟ್ ಆಜ್ಞೆಯೊಂದನ್ನೇ ಪೂರ್ಣ ಪಾತ್ ಸಹಿತ ಬರೆಯಿರಿ. ನಕ್ಷತ್ರ ಚಿಹ್ನೆ ಬೇಡ. ವಿಮ್, ಲೆಸ್‌ನಂಥವನ್ನು ಸೇರಿಸಲೇಬೇಡಿ. ಅವುಗಳ ಒಳಗಿಂದಲೇ ರೂಟ್ ಶೆಲ್ ತೆರೆಯಬಹುದು. ಫೈಲ್ ತಿದ್ದಬೇಕಿದ್ದರೆ ‘ಸುಡೊಎಡಿಟ್’ ಇದೆ. ವೆಬ್ ಫೋಲ್ಡರಿಗೆ ಬರೆಯುವುದಷ್ಟೇ ಸಾಕಿದ್ದರೆ ಸುಡೊ ಬೇಡ, ಗುಂಪಿನ ಅನುಮತಿ ಸಾಕು.

ಉಳಿಸುವಾಗ ನಿಮ್ಮ ಇನ್ನೊಂದು ರೂಟ್ ಟರ್ಮಿನಲ್ ತೆರೆದೇ ಇರಲಿ. ಆಮೇಲೆ ಅವರ ಖಾತೆಯಿಂದಲೇ ಪರೀಕ್ಷಿಸಿ. ಯಾರು ಯಾವಾಗ ಸುಡೊ ಬಳಸಿದರೆಂಬುದು ಆಥ್.ಲಾಗ್‌ನಲ್ಲಿ ಸಿಗುತ್ತದೆ, ವಾರಕ್ಕೊಮ್ಮೆ ನೋಡಿ. ಕೆಲಸ ಬಿಟ್ಟವರ ಖಾತೆಯನ್ನು ಅಂದೇ ಮುಚ್ಚಿ.

ಅದೇ ಸರ್ವರಿನಲ್ಲಿ ಅಂಕಪಟ್ಟಿ ಅಥವಾ ಶುಲ್ಕದ ಲೆಕ್ಕ ಇದ್ದರೆ, ಇಲ್ಲವೇ ಲಾಗ್‌ನಲ್ಲಿ ಅಪರಿಚಿತ ಲಾಗಿನ್ ಕಂಡರೆ, ಏನನ್ನೂ ಅಳಿಸದೆ ಅನುಭವಿ ಸಿಸ್ಟಮ್ ಅಡ್ಮಿನ್ ಒಬ್ಬರನ್ನು ಕರೆಸಿ.