ಪೆಟ್ಟಿಗೆಗಿಂತ ಮೊದಲು ಹೊಲ ನೋಡಿ

ತಂಗಿಯರೇ, ಸಂಘದಿಂದ ಸಾಲ ಎತ್ತಿ ಜೇನುಪೆಟ್ಟಿಗೆ ತರಬೇಕೆಂದು ಮಾತಾಡಿಕೊಂಡಿದ್ದೀರಂತೆ. ಒಳ್ಳೇದಾಯ್ತು. ತುಂಡು ಹೊಲ ಇಲ್ಲದವಳೂ ಮಾಡಬಹುದಾದ ಕೆಲಸ ಇದು. 2020ರಲ್ಲಿ ಮಂಜೂರಾದ ರಾಷ್ಟ್ರೀಯ ಜೇನು ಮಿಷನ್ ಇದೆ, ವಿಚಾರಿಸಲು ತೋಟಗಾರಿಕೆ ಇಲಾಖೆ ಇದೆ, ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯವಿದೆ. ಆದರೆ ಅರ್ಜಿ ಬರೆಯುವ ಮುಂಚೆ ಪೆಟ್ಟಿಗೆ ಇಡುವ ಜಾಗದ ಸುತ್ತ ಎರಡು ಮೂರು ಕಿಲೋಮೀಟರ್ ತಿರುಗಾಡಿ ಬನ್ನಿ. ಜೇನು ಎಮ್ಮೆಯಲ್ಲ, ಕಟ್ಟಿ ಮೇವು ಹಾಕಲು. ಅದು ಮೇಯುವುದು ಊರವರ ಹೊಲದಲ್ಲಿ.

ಯಾವ ತಿಂಗಳು ಎಲ್ಲಿ ಹೂವಿರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಎಳ್ಳು, ಸೂರ್ಯಕಾಂತಿ, ಹತ್ತಿ, ಚಳಿಯ ಹೊತ್ತಿಗೆ ತೊಗರಿ, ಬೇಸಿಗೆಗೆ ಬೇವು, ಹೊಂಗೆ; ನಾವು ಬೈಯುವ ಬಳ್ಳಾರಿ ಜಾಲಿಯೂ ಜೇನಿಗೆ ಮೇವೇ. ಕಾಲುವೆ ಕೆಳಗಿನ ಮಾನ್ವಿ ಸೀಮೆಯ ಹಾಗೆ ಸುತ್ತ ಬರೀ ಭತ್ತವಿದ್ದರೆ ಕಷ್ಟ. ಭತ್ತದ ಹೂವಿನಲ್ಲಿ ಮಕರಂದವಿಲ್ಲ.

ಇನ್ನು ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುವ ಮಾತು. ತೊಗರಿಗೆ ಕಾಯಿಕೊರಕ ಬೀಳುವುದು ಹೂವಿನ ಕಾಲಕ್ಕೇ, ಎಣ್ಣಿ ಹೊಡೆಯುವುದೂ ಆಗಲೇ. ಹಗಲು ಹೊಡೆದರೆ ಮೇಯಲು ಹೋದ ಹುಳ ಅಲ್ಲೇ ಸಾಯುತ್ತದೆ. ಒಬ್ಬಳೇ ಹೋಗಿ ಕೇಳಿದರೆ ಯಾವ ಗೌಡರೂ ಕಿವಿಗೊಡುವುದಿಲ್ಲ. ಸಂಘದವರೆಲ್ಲ ಕೂಡಿ ಹೋಗಿ. ‘ಹೊತ್ತು ಮುಳುಗಿದ ಮೇಲೆ ಹೊಡೀರಿ, ಹಿಂದಿನ ದಿನವೇ ಹೇಳಿ ಕಳಿಸ್ರಿ’ ಅನ್ನಿ. ಬೇಡಿಕೊಂಡಂತೆ ಕೇಳಬೇಡಿ. ಜೇನು ಓಡಾಡಿದರೆ ಸೂರ್ಯಕಾಂತಿ ತೆನೆಯಲ್ಲಿ ಜೊಳ್ಳು ಕಡಿಮೆಯಾಗುತ್ತದೆ, ಲಾಭ ಅವರಿಗೂ ಇದೆ.

ನಮ್ಮ ಬಿಸಿಲು ನಿಮಗೆ ಗೊತ್ತು. ಮರಿಗಳಿರುವ ಎರಿಯನ್ನು ಹುಳಗಳು 34–35 ಡಿಗ್ರಿಯಲ್ಲೇ ಕಾಯುತ್ತವೆ. ನೀರು ಹೊತ್ತು ತಂದು, ರೆಕ್ಕೆ ಬಡಿದು ತಂಪು ಮಾಡುತ್ತವೆ. ಹಾಗಾಗಿ ಪೆಟ್ಟಿಗೆಗೆ ಬೇವಿನ ನೆರಳು ಬೇಕು. ಹತ್ತಿರದಲ್ಲೊಂದು ಅಗಲ ತಟ್ಟೆಯಲ್ಲಿ ನೀರಿಟ್ಟು, ಹುಳ ಮುಳುಗದಂತೆ ಹರಳು ಹಾಕಿಡಿ. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ.

ಜೇನುತುಪ್ಪ ತೆಗೆಯಲು ಅವಸರ ಬೇಡ. ಎರಿಯ ಕಣಗಳಿಗೆ ಮೇಣದ ಮುಚ್ಚಳ ಬಿದ್ದಿರಬೇಕು. ಮುಚ್ಚಳವಿಲ್ಲದ್ದು ನೀರುನೀರಾಗಿರುತ್ತದೆ, ಹುಳಿಯುತ್ತದೆ; ತೇವಾಂಶ ಶೇಕಡಾ 20ರೊಳಗಿರಬೇಕೆಂದು ಆಹಾರ ಕಾಯ್ದೆಯ ನಿಯಮವೇ ಇದೆ. ಹೂವಿಲ್ಲದ ದಿನಗಳಲ್ಲಿ ಸಕ್ಕರೆ ಪಾಕ ಕೊಡಿ. ಆ ಪಾಕ ಮಾತ್ರ ನಿಮ್ಮ ಬಾಟಲಿಗೆ ಬರಬಾರದು. ಸೂಗೂರೇಶ್ವರನ ಜಾತ್ರೆಗೆ ಬಂದವರು, ಶಕ್ತಿನಗರದ ಕಾಲೊನಿಯವರು ಒಮ್ಮೆ ಮೋಸ ಹೋದರೆ ಮತ್ತೆ ನಿಮ್ಮ ಕಡೆ ತಿರುಗಿ ನೋಡುವುದಿಲ್ಲ.

ನಾಲ್ಕೈದು ಪೆಟ್ಟಿಗೆಯಿಂದ ಶುರು ಮಾಡಿ. ಮೊದಲ ವರ್ಷದ ಕಂತನ್ನು ತುಪ್ಪದ ಮೇಲೆ ಲೆಕ್ಕ ಹಾಕಬೇಡಿ, ಕೈಲಿರುವ ಹೈನನ್ನೋ ಹೊಲಿಗೆಯನ್ನೋ ಬಿಡಬೇಡಿ. ಸಂಘದ ಪುಸ್ತಕದಲ್ಲಿ ಒಂದು ಹಾಳೆ ಮೀಸಲಿಡಿ: ಸುತ್ತಲಿನ ಹೊಲ ಯಾರ್ಯಾರದು, ಏನು ಬೆಳೆ, ಎಣ್ಣಿ ಹೊಡೆಯುವ ಮುಂಚೆ ಹೇಳಲು ಯಾರ್ಯಾರು ಒಪ್ಪಿದ್ದಾರೆ. ಆ ಹಾಳೆ ತುಂಬುವ ತನಕ ಸಾಲದ ಕಾಗದಕ್ಕೆ ಸಹಿ ಹಾಕಬೇಡಿ.