ನಾಲ್ಕೂ ಸ್ಲಾಟ್ ತುಂಬಿದಾಗ

ಕಾವೇರಿಯ ಆಚೆಗೆ ಕುಶಾಲನಗರ, ಈಚೆಗೆ ನಮ್ಮ ಕೊಪ್ಪ. ಇಲ್ಲಿ ಕೂತು ಕಂಪ್ಯೂಟರ್ ರಿಪೇರಿ ಮಾಡುವ ನನ್ನ ಬಳಿ ಪಿರಿಯಾಪಟ್ಟಣ, ಹುಣಸೂರು ಕಡೆಯ ಫೋಟೋ ಸ್ಟುಡಿಯೋದವರು ಪದೇ ಪದೇ ತರುವ ದೂರು ಒಂದಿದೆ: “ಅಣ್ಣ, ಎರಡು ರ‍್ಯಾಮ್ ಹಾಕಿದ್ರೆ ಓಡುತ್ತೆ, ನಾಲ್ಕೂ ಹಾಕಿದ್ರೆ ಡಿಸ್‌ಪ್ಲೇನೇ ಬರಲ್ಲ.” ಹೊಗೆಸೊಪ್ಪಿನ ಹರಾಜು ಮುಗಿದು ರೈತರ ಕೈಗೆ ದುಡ್ಡು ಬಂದ ಮೇಲೆ ಈ ಸೀಮೆಯಲ್ಲಿ ಮದುವೆಗಳ ಸಾಲು. ಆಲ್ಬಂ ಕೆಲಸಕ್ಕೆ ಫೋಟೋಶಾಪ್ ಎಷ್ಟು ಮೆಮೊರಿ ಕೊಟ್ಟರೂ ನುಂಗುತ್ತದೆ, ಹಾಗಾಗಿ ಖಾಲಿ ಇರುವ ಸ್ಲಾಟೆಲ್ಲ ತುಂಬಿಸುತ್ತಾರೆ. ಯಂತ್ರ ನಿಂತುಬಿಟ್ಟರೆ ಹೊಸ ರ‍್ಯಾಮೇ ಕೆಟ್ಟದ್ದೆಂದು ಬದಿಗಿಟ್ಟು ಇನ್ನೊಂದು ಕೊಳ್ಳಲು ಹೊರಡುತ್ತಾರೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಗೆ ಮೆಮೊರಿ ಬೆಲೆ ವಿಪರೀತ ಏರಿತು. ಮನೆ ಬಳಕೆಯವರಿಗೆ ಕ್ರೂಷಿಯಲ್ ಹೆಸರಿನಲ್ಲಿ ಮಾರುತ್ತಿದ್ದ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ ಕಂಪನಿ ಆ ಡಿಸೆಂಬರ್‌ನಲ್ಲಿ ಹೇಳಿತು. ಇಂಥ ಕಾಲದಲ್ಲಿ ಚೆನ್ನಾಗಿರುವ ರ‍್ಯಾಮ್ ಕಸಕ್ಕೆ ಹೋಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ‘ಸತ್ತಿದೆ’ ಎಂದು ನನ್ನ ಮೇಜಿಗೆ ಬರುವವುಗಳಲ್ಲಿ ಹೆಚ್ಚಿನವು ಸತ್ತಿರುವುದಿಲ್ಲ. ಅವುಗಳಿಂದ ನಾನು ಕಲಿತ ಪಾಠಗಳು ಇವು.

1. ಮೊದಲು ಒಂದೇ ಸ್ಟಿಕ್. ಪವರ್ ಕೇಬಲ್ ಕಿತ್ತು, ಸ್ವಿಚ್ಚನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಕಂಪ್ಯೂಟರ್ ಆಫ್ ಆಗಿದ್ದರೂ ಕೇಬಲ್ ಸಿಕ್ಕಿಸಿದ್ದರೆ ಬೋರ್ಡಿನಲ್ಲಿ 5 ವೋಲ್ಟ್ ಕಾದು ಕೂತಿರುತ್ತದೆ. ಅದರ ಮೇಲೆಯೇ ರ‍್ಯಾಮ್ ಎಳೆಯಬಾರದು. ನಾಲ್ಕನ್ನೂ ತೆಗೆದು, ಒಂದೊಂದಕ್ಕೂ ಪೆನ್ನಿನಲ್ಲಿ ಗುರುತು ಹಾಕಿ. ಪ್ರೊಸೆಸರ್ ಕಡೆಯಿಂದ ಎಣಿಸಿದಾಗ ಸಿಗುವ ಎರಡನೆಯ ಸ್ಲಾಟಿನಲ್ಲಿ ಒಂದು ಸ್ಟಿಕ್ ಹಾಕಿ ಆನ್ ಮಾಡಿ. ಇತ್ತೀಚಿನ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಮೊದಲು ತುಂಬಬೇಕಾದದ್ದು ಇದೇ. ಎರಡು ಸ್ಟಿಕ್ ಇದ್ದರೆ ಎರಡನೆಯದು ಮತ್ತು ನಾಲ್ಕನೆಯದು.

ನಾಲ್ಕು ಸ್ಟಿಕ್ಕನ್ನೂ ಅದೇ ಸ್ಲಾಟಿನಲ್ಲಿ ಒಂದಾದ ಮೇಲೊಂದು ನೋಡಿ. ಆಮೇಲೆ ಓಡಿದ ಒಂದು ಸ್ಟಿಕ್ ಹಿಡಿದು ನಾಲ್ಕು ಸ್ಲಾಟನ್ನೂ ನೋಡಿ. ಫಲಿತಾಂಶವನ್ನು ಚೀಟಿಯಲ್ಲಿ ಬರೆಯಿರಿ, ನೆನಪನ್ನು ನಂಬಬೇಡಿ. ಎಲ್ಲಿ ಹಾಕಿದರೂ ಓಡದ ಸ್ಟಿಕ್ ಇದ್ದರೆ ದೋಷ ಅದರದೇ. ಯಾವ ಸ್ಟಿಕ್ ಹಾಕಿದರೂ ಒಂದೇ ಸ್ಲಾಟ್ ಕೈಕೊಟ್ಟರೆ ದೋಷ ಸ್ಲಾಟಿನದು. ಒಂದೇ ಚಾನೆಲ್ಲಿನ (ಸಾಮಾನ್ಯವಾಗಿ ಮೊದಲ ಎರಡು ಅಥವಾ ಕೊನೆಯ ಎರಡು) ಎರಡೂ ಸ್ಲಾಟ್ ಸುಮ್ಮನಿದ್ದರೆ 5ನೆಯ ಪಾಠಕ್ಕೆ ಹೋಗಿ. ಬೇರೆ ಬೇರೆಯಾಗಿ ಎಲ್ಲವೂ ಓಡಿ, ನಾಲ್ಕೂ ಕೂಡಿದಾಗ ಮಾತ್ರ ನಿಂತರೆ ಮುಂದಿನದನ್ನು ಓದಿ.

2. ಆಗ ಕೆಟ್ಟದ್ದು ಯಾವುದೂ ಅಲ್ಲ. ಈ ಮಾತನ್ನು ಗಿರಾಕಿಗೆ ಒಪ್ಪಿಸುವುದೇ ಕಷ್ಟ. ನಾಲ್ಕು ಸ್ಟಿಕ್ ಎಂದರೆ ಒಂದು ಚಾನೆಲ್ಲಿಗೆ ಎರಡೆರಡು. ಒಂದೇ ತಂತಿಯ ಮೇಲೆ ಹೊರೆ ಹೆಚ್ಚಿದಾಗ ಮೊದಲಿನ ವೇಗ ನಿಲ್ಲುವುದಿಲ್ಲ. ಎಎಂಡಿಯ ರೈಜನ್ 7000 ಸರಣಿಯನ್ನೇ ನೋಡಿ: ಡಿಡಿಆರ್5 ಎರಡು ಸ್ಟಿಕ್ಕಿಗೆ ಕಂಪನಿ ಒಪ್ಪುವ ವೇಗ 5200, ನಾಲ್ಕಕ್ಕೆ 3600 ಅಷ್ಟೆ. ಡಬ್ಬಿಯ ಮೇಲೆ 6000 ಎಂದು ಅಚ್ಚಾಗಿರುವುದು ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಬಯೋಸ್ ಸೆಟ್ಟಿಂಗ್ ಆನ್ ಮಾಡಿದಾಗಿನ ವೇಗ. ನಾಲ್ಕು ಸ್ಲಾಟಿಗೂ ಅದು ಸಿಗುತ್ತದೆಂದು ಯಾರೂ ಮಾತು ಕೊಟ್ಟಿಲ್ಲ.

ಹೀಗಾಗಿ ಎರಡೇ ಸ್ಟಿಕ್ ಇಟ್ಟು ಬಯೋಸ್‌ಗೆ ಹೋಗಿ, ಎಕ್ಸ್‌ಎಂಪಿ ಆಫ್ ಮಾಡಿ ಸೇವ್ ಮಾಡಿ. ಪೂರ್ತಿ ಆಫ್ ಮಾಡಿದ ಮೇಲೆ ಉಳಿದೆರಡನ್ನು ಹಾಕಿ. ನನ್ನ ಕೈಗೆ ಬಂದ ಯಂತ್ರಗಳು ಹೆಚ್ಚಾಗಿ ಎದ್ದು ಕೂತದ್ದು ಇಲ್ಲೇ. ಬಯೋಸ್ ಹಳೆಯದಾಗಿದ್ದರೆ ಎರಡು ಸ್ಟಿಕ್ಕಿನಲ್ಲೇ ಅಪ್‌ಡೇಟ್ ಮಾಡಿ. ಹೊಸ ಆವೃತ್ತಿಗಳಲ್ಲಿ ಮೆಮೊರಿಯ ಹೊಂದಾಣಿಕೆ ಎಷ್ಟೋ ಸಲ ಸುಧಾರಿಸಿರುತ್ತದೆ. ಹಳೆಯ ಜೊತೆಗೆ ಹೊಸ ಜೊತೆ ಸೇರಿಸಿದ್ದರೆ, ಹೆಸರು, ಮಾದರಿ ಒಂದೇ ಇದ್ದರೂ ಒಳಗಿನ ಚಿಪ್ ಬೇರೆ ಇರಬಹುದು. ಆಲ್ಬಂ ಕೆಲಸಕ್ಕೆ ವೇಗಕ್ಕಿಂತ ಗಾತ್ರವೇ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸದಾಗಿ ಕೊಳ್ಳುವವರು ಎಂಟರ ನಾಲ್ಕು ಬಿಟ್ಟು ಹದಿನಾರರ ಎರಡು ಕೊಳ್ಳಲಿ.

3. ಕಾಯಬೇಕು. ಡಿಡಿಆರ್5 ಯಂತ್ರಕ್ಕೆ ಹೊಸ ಸ್ಟಿಕ್ ಹಾಕಿದ ಮೊದಲ ಸಲ ಬೋರ್ಡು ಪ್ರತಿಯೊಂದನ್ನೂ ಪರೀಕ್ಷಿಸಿ ಸಮಯ ಹೊಂದಿಸಿಕೊಳ್ಳುತ್ತದೆ. ಅಷ್ಟು ಹೊತ್ತೂ ಪರದೆ ಕಪ್ಪು. ನಾಲ್ಕು ಸ್ಟಿಕ್ ಇದ್ದರೆ ಹಲವು ನಿಮಿಷ ಹಿಡಿಯುತ್ತದೆ. ಒಂದು ನಿಮಿಷಕ್ಕೇ ಗಾಬರಿಯಾಗಿ ಸ್ವಿಚ್ ಆರಿಸಿದರೆ ಮತ್ತೆ ಮೊದಲಿಂದ. ಕಾಲು ಗಂಟೆ ಮುಟ್ಟದೆ ಬಿಡಿ. ನಮ್ಮಲ್ಲಿ ಆ ಕಾಲು ಗಂಟೆಯಲ್ಲೇ ಕರೆಂಟು ಹೋಗುವ ಸಂಭವವಿರುವುದರಿಂದ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಬಯೋಸ್ ಅಪ್‌ಡೇಟಿಗಂತೂ ಇದು ಕಡ್ಡಾಯ.

4. ಜೂನ್‌ನಿಂದ ಆಗಸ್ಟ್‌ವರೆಗೆ ಕೊಡಗಿನ ಅಂಚಿನ ಈ ಊರುಗಳಲ್ಲಿ ಜಡಿಮಳೆ. ವರ್ಷಗಟ್ಟಲೆ ಖಾಲಿ ಇದ್ದ ಎರಡು ಸ್ಲಾಟಿನೊಳಗೆ ಧೂಳು ಕೂತು, ತೇವ ಹಿಡಿದು ಪದರವಾಗಿರುತ್ತದೆ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಪಕ್ಕದ ಮನೆಯಾದರೆ ಮಸಿಯೂ ಸೇರಿರುತ್ತದೆ. ಹೊಸ ಸ್ಟಿಕ್ ಹೋಗಿ ಕೂರುವುದು ಅದರ ಮೇಲೆ. ಸ್ಲಾಟಿಗೆ ಬ್ಲೋವರ್ ಹಿಡಿದು, ಒಣ ಮೆತ್ತನೆ ಬ್ರಷ್ ಆಡಿಸಿ. ಸ್ಟಿಕ್ಕಿನ ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಲು ಬಿಡಿ. ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ಎಲ್ಲೆಡೆ ರೂಢಿ. ನಾನು ಬಿಟ್ಟಿದ್ದೇನೆ: ಲೇಪ ತೀರಾ ತೆಳು, ರಬ್ಬರಿನ ಪುಡಿ ಸ್ಲಾಟಿಗೆ ಬೀಳುತ್ತದೆ. ಕೂರಿಸುವಾಗ ಎರಡೂ ತುದಿ ಸಮವಾಗಿ ಒತ್ತಿ. ಒಂದೇ ಕಡೆ ಕ್ಲಿಪ್ ಇರುವ ಬೋರ್ಡುಗಳಲ್ಲಿ ಇನ್ನೊಂದು ತುದಿ ಮೇಲೆದ್ದಿದ್ದರೂ ಕಣ್ಣಿಗೆ ಕಾಣುವುದಿಲ್ಲ.

5. ದೋಷ ಪ್ರೊಸೆಸರ್ ಕೆಳಗೂ ಇರಬಹುದು. ಮೆಮೊರಿಯನ್ನು ನಿಯಂತ್ರಿಸುವ ಭಾಗ ಎಎಂಡಿಯ ಅಥ್ಲಾನ್ 64ರಲ್ಲಿ 2003ರಲ್ಲೇ ಪ್ರೊಸೆಸರ್ ಒಳಗೆ ಸೇರಿತು, ಇಂಟೆಲ್‌ನಲ್ಲಿ 2008ರಲ್ಲಿ ಕೋರ್ ಐ7 ಜೊತೆಗೆ. ಹೀಗಾಗಿ ಇಂಟೆಲ್ ಬೋರ್ಡಿನ ಸಾಕೆಟ್‌ನಲ್ಲಿ ಒಂದು ಪಿನ್ ಬಾಗಿದರೂ ಇಡೀ ಚಾನೆಲ್ ಮಾಯವಾಗಬಹುದು. ದೊಡ್ಡ ಕೂಲರಿನ ಸ್ಕ್ರೂ ಒಂದು ಮೂಲೆಯಲ್ಲಿ ಅತಿಯಾಗಿ ಬಿಗಿದಾಗಲೂ ಹೀಗೇ. ಮೊದಲು ಸ್ಕ್ರೂಗಳನ್ನು ಸ್ವಲ್ಪ ಸಡಿಲಿಸಿ ನೋಡಿ. ಆಗಲಿಲ್ಲವೆಂದರೆ ಪ್ರೊಸೆಸರ್ ತೆಗೆದು, ಟಾರ್ಚನ್ನು ಓರೆಯಾಗಿ ಹಿಡಿದು ಪಿನ್ನುಗಳ ಸಾಲು ನೋಡಿ. ಬಾಗಿದ್ದನ್ನು ಎತ್ತಲು ಭೂತಗನ್ನಡಿ ಬೇಕು, ಅವಸರ ಕೂಡದು.

6. ಹಳೆಯ ಬೋರ್ಡಿಗೆ ಮಿತಿಯಿದೆ. ಜಿ41 ಚಿಪ್‌ಸೆಟ್ಟಿನ ಡಿಡಿಆರ್3 ಬೋರ್ಡುಗಳು ಈಗಲೂ ಜೆರಾಕ್ಸ್ ಅಂಗಡಿಗಳಲ್ಲಿ ಸಿಗುತ್ತವೆ. ಅವುಗಳ ಗರಿಷ್ಠ 8 ಜಿಬಿ. 4 ಜಿಬಿ ಸ್ಟಿಕ್ಕಿನಲ್ಲಿ ಎರಡೂ ಮಗ್ಗುಲು ಸೇರಿ 16 ಚಿಪ್ ಇದ್ದರೆ ನಡೆಯುತ್ತದೆ, 8 ಚಿಪ್ ಇದ್ದರೆ ಇಲ್ಲ. ಎಎಂಡಿ ಬೋರ್ಡಿಗೆ ಮಾತ್ರ ಎಂದು ಅಗ್ಗಕ್ಕೆ ಮಾರುವ ಸ್ಟಿಕ್ಕುಗಳನ್ನು ಇಂಟೆಲ್ ಬೋರ್ಡಿಗೆ ಹಾಕಿ ನಿರಾಶರಾದವರೂ ಬರುತ್ತಾರೆ. ಇಂಥಲ್ಲೆಲ್ಲ ಕರೆಂಟು ಕೊಡುವ ಎಸ್‌ಎಂಪಿಎಸ್ ಬದಲಿಸಿ ಫಲವಿಲ್ಲ, ಒಂದು ಸ್ಟಿಕ್ ಎಳೆಯುವುದು ಕೆಲವೇ ವ್ಯಾಟ್.

7. ಡಿಸ್‌ಪ್ಲೇ ಬಂತೆಂದು ಕೇಸ್ ಮುಚ್ಚಬೇಡಿ. ಪೆನ್‌ಡ್ರೈವ್‌ಗೆ ಮೆಮ್‌ಟೆಸ್ಟ್86 ಹಾಕಿ ರಾತ್ರಿಯಿಡೀ ಓಡಿಸಿ. ಒಂದೇ ಒಂದು ತಪ್ಪು ತೋರಿಸಿದರೂ ವೇಗ ಇನ್ನಷ್ಟು ಇಳಿಸಿ, ಮತ್ತೆ ಓಡಿಸಿ. ಅರೆಬರೆ ಓಡುವ ಮೆಮೊರಿ, ಏಳದ ಯಂತ್ರಕ್ಕಿಂತ ಅಪಾಯ. ಕಾರ್ಡಿನಿಂದ ಕಾಪಿ ಮಾಡುವಾಗಲೇ ಫೈಲ್ ಕೆಡಬಹುದು, ಕೆಟ್ಟದ್ದು ವಾರಗಳ ನಂತರ ತೆರೆದಾಗ ತಿಳಿಯುತ್ತದೆ. ಒಂದು ಮನೆಯ ಮದುವೆಯನ್ನು ಎರಡನೆಯ ಸಲ ಫೋಟೋ ತೆಗೆಯಲಾಗದು. ಪರೀಕ್ಷೆ ತಪ್ಪಿಲ್ಲದೆ ಮುಗಿಯುವ ತನಕ ಕ್ಯಾಮೆರಾದ ಕಾರ್ಡನ್ನು ಫಾರ್ಮ್ಯಾಟ್ ಮಾಡದೆ ಹಾಗೇ ಎತ್ತಿಡಿ ಎಂದು ಸ್ಟುಡಿಯೋದವರಿಗೆ ಹೇಳಿಯೇ ಯಂತ್ರ ಕೊಡುತ್ತೇನೆ.