ಒರತೆಯ ತಲೆ ನೋಡಿ ನೀರು ಕುಡಿ

‘ಗಂಗಾ ಸ್ನಾನ, ತುಂಗಾ ಪಾನ’ ಎಂದು ಕೇಳಿಕೊಂಡೇ ಬೆಳೆದವನು ನಾನು. ಊರು ಭದ್ರಾವತಿ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಮೇಲೆ ಬೆಳೆದ ಊರು. ಪೇಟೆ ದಾಟಿ ಬರುವ ಭದ್ರೆಗೆ ಬೊಗಸೆಯೊಡ್ಡಿ ಕುಡಿಯುವ ಧೈರ್ಯ ನಮ್ಮ ಕೇರಿಯಲ್ಲಿ ಯಾರಿಗೂ ಇರಲಿಲ್ಲ. ಆದರೆ ಗುಡ್ಡ ಹತ್ತುವಾಗ ಆ ಎಚ್ಚರವನ್ನೆಲ್ಲ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದೆ.

ಒಂದು ನವೆಂಬರ್‌ನಲ್ಲಿ ಶಿವಮೊಗ್ಗದ ಗೆಳೆಯನ ಜೊತೆ ನಿಟ್ಟೂರಿನ ಕಡೆಯಿಂದ, ಹಿಡ್ಲುಮನೆ ಅಬ್ಬಿಯ ದಾರಿ ಹಿಡಿದು ಕೊಡಚಾದ್ರಿ ಹತ್ತುತ್ತಿದ್ದೆ. ಬಾಟಲಿ ಖಾಲಿ. ಬಂಡೆಯ ಸಂದಿಯಿಂದ ಇಳಿಯುತ್ತಿದ್ದ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಗೆಳೆಯ ಕ್ಲೋರಿನ್ ಮಾತ್ರೆ ತೆಗೆದ.

“ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಯಾಕೋ?” ಎಂದು ನಕ್ಕು, ಹೊಟ್ಟೆ ತುಂಬ ಕುಡಿದೆ. ಅವನು ಅರ್ಧ ಗಂಟೆ ಕಾದ. ಇಪ್ಪತ್ತು ಮಾರು ಮೇಲೆ ಹೋದರೆ, ಅದೇ ನೀರಿನ ಗುಂಡಿಯ ಅಂಚಿನಲ್ಲಿ ದನದ ಗೊರಸಿನ ಗುರುತು, ಹಸಿ ಸಗಣಿ.

ಮರುದಿನ ಏನೂ ಆಗಲಿಲ್ಲ. ಗೆಳೆಯನನ್ನು ಇನ್ನಷ್ಟು ಗೇಲಿ ಮಾಡಿದೆ. ಹತ್ತನೇ ದಿನಕ್ಕೆ ಹೊಟ್ಟೆಯುಬ್ಬರ, ಹುಳಿತೇಗು, ಭೇದಿ. ಹಿಂದಿನ ಸಂಜೆಯ ಮಿರ್ಚಿಯ ಮೇಲೆ ತಪ್ಪು ಹೊರಿಸಿದರೆ ಡಾಕ್ಟರು ಒಪ್ಪಲಿಲ್ಲ; ಮಲ ಪರೀಕ್ಷೆಯಲ್ಲಿ ಜಿಯಾರ್ಡಿಯಾ. ಈ ಪರೋಪಜೀವಿ ಹೊಟ್ಟೆ ಸೇರಿದ ಮೇಲೆ ಕಾಟ ಶುರುಮಾಡಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಅಷ್ಟರಲ್ಲಿ ಕುಡಿದ ನೀರು ಮರೆತೇ ಹೋಗಿರುತ್ತದೆ. ‘ಎಷ್ಟೋ ಸಲ ಕುಡಿದಿದ್ದೇನೆ, ಏನೂ ಆಗಿಲ್ಲ’ ಎನ್ನುವವರ ಲೆಕ್ಕ ತಪ್ಪುವುದು ಇಲ್ಲೇ.

ಈಗ ಒಲೆ ಇದ್ದರೆ ನೀರನ್ನು ಒಂದು ನಿಮಿಷ ಕೊತಕೊತ ಕುದಿಸುತ್ತೇನೆ. ಮಾತ್ರೆಯಾದರೆ, ಬಗ್ಗಡವಿದ್ದಾಗ ಮೊದಲು ಬಟ್ಟೆಯಲ್ಲಿ ಸೋಸುತ್ತೇನೆ. ತಣ್ಣನೆಯ ನೀರಿಗೆ ಅರ್ಧ ಗಂಟೆಗಿಂತ ಹೆಚ್ಚೇ ಕಾಯುತ್ತೇನೆ. ಆದರೂ ಕ್ರಿಪ್ಟೊಸ್ಪೊರಿಡಿಯಂನಂಥ ಜೀವಿ ಕ್ಲೋರಿನ್‌ಗೆ ಜಗ್ಗುವುದಿಲ್ಲ, ಕುದಿಗೆ ಸಾಯುತ್ತದೆ. ಬರೀ ಬಟ್ಟೆಯಲ್ಲಿ ಸೋಸಿದರೆ ಹೋಗುವುದು ಕಸ ಮಾತ್ರ.

ಕೊಡಚಾದ್ರಿಯ ಎತ್ತರ 1,343 ಮೀಟರ್. ಅಲ್ಲಿಗೂ ಜೀಪುಗಳು ಏರುತ್ತವೆ, ಜನ ಏರುತ್ತಾರೆ. ನೀರು ಎಷ್ಟು ತಿಳಿಯಾಗಿದೆ ಎಂಬುದಕ್ಕಿಂತ ಮೇಲೆ ಏನಿದೆ ಎಂಬುದೇ ಮುಖ್ಯ.

ಇಳಿಯುವಾಗ ಮಜ್ಜಿಗೆ ಕೊಟ್ಟ ಮನೆಯ ಅಜ್ಜಿಗೆ ಕೇಳಿದ್ದೆ, “ನೀವೂ ಅಬ್ಬಿ ನೀರೇ ಕುಡಿಯೋದಲ್ವಾ ಅಮ್ಮಾ?”

“ಹೌದು ಮಾರಾಯ. ಅದಕ್ಕೇ ಒರತೆ ತಲೆಗೆ ಬೇಲಿ ಹಾಕಿದೀವಿ. ದನ ಬಿಡಲ್ಲ, ನಿಮ್ಮಂಥೋರನ್ನೂ ಬಿಡಲ್ಲ.”